ಪ್ರಯೋಗಾಲಯದ ಬೀಗದ ಕೈ

ಮಧುಗಿರಿಯನ್ನು ಜಿಲ್ಲೆ ಮಾಡಬೇಕೆಂಬ ಕೂಗು ಹಳೆಯದು. ಕಂದಾಯ ಇಲಾಖೆಯ ಪಾಲಿಗೆ ಅದಿನ್ನೂ ತುಮಕೂರು ಜಿಲ್ಲೆಯ ಒಂದು ಉಪವಿಭಾಗ. ಶಾಲಾ ಶಿಕ್ಷಣ ಇಲಾಖೆ ಮಾತ್ರ ಎಂದೋ ಅದನ್ನು ಜಿಲ್ಲೆ ಮಾಡಿಬಿಟ್ಟಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಅದಕ್ಕೆ ಬೇರೆಯೇ ಉಪನಿರ್ದೇಶಕರ ಕಚೇರಿ, ಬೇರೆಯೇ ಡಯಟ್ ಎಂಬ ಶಿಕ್ಷಕ ತರಬೇತಿ ಸಂಸ್ಥೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿಗೊಂದು ಸಾಲು, ಮಧುಗಿರಿಗೊಂದು ಸಾಲು. 2020ರಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರಗಳ ಬೆನ್ನಿಗೇ ಮಧುಗಿರಿ ರಾಜ್ಯಕ್ಕೆ ಮೂರನೆಯದಾಗಿ ನಿಂತಿತ್ತು. ಮಳೆ ಕೈಕೊಟ್ಟರೆ ಕಡಲೆಕಾಯಿಯೂ ಇಲ್ಲ, ಬೆಂಗಳೂರಿನ ದಾರಿ ಹಿಡಿಯುವುದೊಂದೇ ಉಳಿದದ್ದು ಎಂಬಂಥ ಸೀಮೆಯ ಶಾಲೆಗಳಿಗೆ ಅದು ಸಣ್ಣ ಸಾಧನೆಯಲ್ಲ.

ಹಾಗಾದರೆ ಇಲ್ಲಿನ ಮಕ್ಕಳು ವಿಜ್ಞಾನವನ್ನು ಚೆನ್ನಾಗಿ ಕಲಿಯುತ್ತಿದ್ದಾರೆಯೆ? ಹೌದೆಂದು ಎದೆ ತಟ್ಟಿ ಹೇಳುವ ಮುಖ್ಯ ಶಿಕ್ಷಕರು ಸಿಗುವುದು ಕಷ್ಟ. ಫಲಿತಾಂಶದ ಮಾತೆತ್ತಿದರೆ ಮುಖ ಅರಳಿಸುವವರೂ, ಮಕ್ಕಳು ಸ್ವಂತ ಕೈಯಿಂದ ಪ್ರಯೋಗ ಮಾಡಿದ್ದು ಯಾವಾಗ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಅವರ ದೂರುಗಳ ಪಟ್ಟಿ ಉದ್ದವಿದೆ. ಅದರಲ್ಲಿ ಬಹಳಷ್ಟು ನಿಜ. ಇನ್ನು ಕೆಲವು, ತಮ್ಮ ಕೈಯಲ್ಲೇ ಇರುವುದನ್ನು ಇಲಾಖೆಯ ಮೇಲೆ ಹಾಕುವ ಮಾತುಗಳು. ಎರಡನ್ನೂ ಬೇರ್ಪಡಿಸಿ ನೋಡದೆ ವಿಜ್ಞಾನ ಬೋಧನೆಯ ಸುಧಾರಣೆ ಎಂದು ಎಷ್ಟು ಕಾರ್ಯಾಗಾರ ನಡೆಸಿದರೂ ಊಟದ ಖರ್ಚಷ್ಟೇ ದಕ್ಕುತ್ತದೆ.

ಪಟ್ಟಿಯ ಮೊದಲ ಹೆಸರು ಶಿಕ್ಷಕರದು. ನಮ್ಮ ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳುವವರು ಎರಡು ಪಂಗಡ: ಪದವಿಯಲ್ಲಿ ಭೌತ, ರಸಾಯನ, ಗಣಿತ ಓದಿದ ಪಿಸಿಎಂ ಮೇಷ್ಟ್ರು; ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ ಸಿಬಿಝಡ್ ಮೇಡಂ. ಪಿಸಿಎಂನವರು ಗಣಿತ ಮತ್ತು ಭೌತವಿಜ್ಞಾನ ತೆಗೆದುಕೊಂಡರೆ ಸಿಬಿಝಡ್‌ನವರಿಗೆ ಜೀವಶಾಸ್ತ್ರ, ರಸಾಯನಶಾಸ್ತ್ರ. ಒಂದೇ ಪಠ್ಯಪುಸ್ತಕ ಇಬ್ಬರ ಕೈಯಲ್ಲಿ ಹರಿದು ಹಂಚಿಹೋಗುತ್ತದೆ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಯ ಗಣಿತದ ಭಾರ ಹೊತ್ತ ಪಿಸಿಎಂ ಶಿಕ್ಷಕರಿಗೆ ಭೌತವಿಜ್ಞಾನ ಯಾವಾಗಲೂ ಎರಡನೆಯ ಸರದಿಯದು. ಮಕ್ಕಳು ಹೆಚ್ಚು ಬೀಳುವುದು ಗಣಿತದಲ್ಲಿ, ಹಾಗಾಗಿ ಮುಖ್ಯ ಶಿಕ್ಷಕರೂ ವಿಶೇಷ ತರಗತಿಯನ್ನು ಗಣಿತಕ್ಕೇ ಕೊಡುತ್ತಾರೆ. ಬೆಳಕಿನ ಪಾಠ, ವಿದ್ಯುಚ್ಛಕ್ತಿಯ ಪಾಠ ಸೂತ್ರಗಳಾಗಿ ಕರಿಹಲಗೆಯ ಮೇಲೆ ಬಂದು ಅಳಿಸಿಹೋಗುತ್ತವೆ.

ಇಬ್ಬರಲ್ಲಿ ಒಬ್ಬರು ಇಲ್ಲದ ಶಾಲೆಯ ಪಾಡು ಇನ್ನೂ ಕಷ್ಟ. ಕೊರಟಗೆರೆಗೆ ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡಬಹುದು. ಶಿರಾ ಹೆದ್ದಾರಿಯ ಮೇಲಿದೆ. ಪಾವಗಡಕ್ಕೆ ಹಾಕಿಸಿಕೊಂಡವರು ಮಾತ್ರ ಮೊದಲ ವರ್ಗಾವಣೆ ಕೌನ್ಸೆಲಿಂಗ್‌ನಲ್ಲೇ ಹೊರಡುವ ಲೆಕ್ಕ ಹಾಕುತ್ತಿರುತ್ತಾರೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಆ ತಾಲ್ಲೂಕಿನ ಗಡಿ ಹಳ್ಳಿಗಳ ಶಾಲೆಗಳಲ್ಲಿ ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರೇ ಗತಿ. 2025ರ ಬಜೆಟ್‌ನಲ್ಲಿ ಎರಡು ಸಾವಿರ ಏರಿಸಿದ ಮೇಲೂ ಅವರ ಗೌರವಧನ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನಲ್ಲಿದೆ. ಬಿ.ಎಸ್ಸಿ., ಬಿ.ಇಡಿ. ಮಾಡಿದ, ಗಣಿತ ಚೆನ್ನಾಗಿ ಬಲ್ಲ ಹುಡುಗ ಈ ದುಡ್ಡಿಗೆ ಎಷ್ಟು ದಿನ ನಿಲ್ಲುತ್ತಾನೆ? ಟ್ಯೂಷನ್ ಸೆಂಟರ್ ಕರೆದ ದಿನ ಹೊರಟ. ಶಾಲಾ ಮುಖ್ಯಸ್ಥರ ಈ ದೂರಿಗೆ ಉತ್ತರ ಹೇಳಬೇಕಾದದ್ದು ಸರ್ಕಾರವೇ. ಅನುದಾನಿತ ಶಾಲೆಗಳ ಕಥೆ ಬೇರೆ ಥರದ್ದು. ಹಳೆಯ ಆಡಳಿತ ಮಂಡಳಿಗಳು ಆಸ್ಥೆಯಿಂದ ಕಟ್ಟಿಸಿದ ಪ್ರಯೋಗಾಲಯ, ಗಟ್ಟಿ ಮರದ ಬೀರು, ಗಾಜಿನ ಸಾಮಾನು ಎಲ್ಲ ಇವೆ; 2015ರ ನಂತರ ಖಾಲಿಯಾದ ಹುದ್ದೆಗಳು ಬಹುಕಾಲ ತುಂಬದೆ ಉಳಿದದ್ದರಿಂದ ಅವನ್ನು ಮುಟ್ಟುವ ಶಿಕ್ಷಕರೇ ಇಲ್ಲ.

ಎರಡನೆಯ ದೂರು ಉಪಕರಣಗಳದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಉಪಕರಣ ಕೊಡುವ ಯೋಜನೆಗಳಿಗೆ ಈ ದೇಶದಲ್ಲಿ ಬರ ಬಂದದ್ದಿಲ್ಲ. ಶಾಲೆಯ ಮೊದಲ ಹತ್ತು ವರ್ಷ ವಿಜ್ಞಾನ ಎಲ್ಲರಿಗೂ ಕಡ್ಡಾಯವಾಗಲಿ ಎಂದದ್ದು 1964–66ರ ಕೊಠಾರಿ ಆಯೋಗ. 1987ರ ಕಪ್ಪುಹಲಗೆ ಕಾರ್ಯಾಚರಣೆ ಪ್ರಾಥಮಿಕ ಶಾಲೆಗಳಿಗೂ ವಿಜ್ಞಾನದ ಕಿಟ್ ಕಳಿಸಿತು. ಆಮೇಲೆ ಬಂದ ಯೋಜನೆಗಳು ಹೈಸ್ಕೂಲುಗಳಿಗೆ ಬಗೆಬಗೆಯ ಪೆಟ್ಟಿಗೆಗಳನ್ನು ಕೊಟ್ಟವು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಪಡೆದ ಶಾಲೆಗೆ ಇಪ್ಪತ್ತು ಲಕ್ಷದವರೆಗೂ ನೆರವಿದೆ. ಇಷ್ಟೆಲ್ಲ ಬಂದೂ, ಹಳ್ಳಿಯ ಹೈಸ್ಕೂಲಿನ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕೂತರೆ ಮೊದಲು ಕಾಣುವುದು ಬೀಗ ಹಾಕಿದ ಕಬ್ಬಿಣದ ಬೀರು. ಮದುವೆಗೆ ಮಾತ್ರ ಹೊರಬರುವ ರೇಷ್ಮೆ ಸೀರೆಯ ಹಾಗೆ ಅದರೊಳಗಿನ ಸೂಕ್ಷ್ಮದರ್ಶಕ ಫೆಬ್ರವರಿ 28ರ ವಿಜ್ಞಾನ ದಿನಕ್ಕೋ ಅಧಿಕಾರಿಗಳ ಭೇಟಿಗೋ ಒಮ್ಮೆ ಹೊರಬಂದು, ಬಟ್ಟೆಯಲ್ಲಿ ಒರೆಸಿಕೊಂಡು ಮತ್ತೆ ಒಳಗೆ ಹೋಗುತ್ತದೆ.

ಇದನ್ನು ಮುಖ್ಯ ಶಿಕ್ಷಕರ ಸೋಮಾರಿತನ ಎಂದು ತಳ್ಳಿಹಾಕುವವರಿದ್ದಾರೆ. ಅಷ್ಟು ಸರಳವಲ್ಲ. ಬೀರುವಿನಲ್ಲಿರುವ ಪ್ರತಿಯೊಂದು ಬೀಕರ್, ಪ್ರನಾಳ, ಮಸೂರ ದಾಸ್ತಾನು ವಹಿಯಲ್ಲಿ ದಾಖಲಾಗಿದೆ. ಆ ವಹಿಗೆ ಹೊಣೆಗಾರರು ಮುಖ್ಯ ಶಿಕ್ಷಕರು. ವರ್ಗಾವಣೆಯಾದರೆ ಚಾರ್ಜ್ ಕೊಡುವಾಗ ಸಾಮಾನು ಎಣಿಸಿ ಒಪ್ಪಿಸಬೇಕು. ನಿವೃತ್ತಿಯ ಹೊತ್ತಿಗೆ ಬೇಬಾಕಿ ಪತ್ರ ಬೇಕು. ಆಡಿಟ್‌ನವರು ಕೇಳುವುದು ಹನ್ನೆರಡು ಪ್ರನಾಳಗಳಲ್ಲಿ ಹನ್ನೆರಡೂ ಇವೆಯೇ ಎಂದು; ಅವುಗಳಲ್ಲಿ ಎಷ್ಟು ಮಕ್ಕಳು ಆಮ್ಲ ಪ್ರತ್ಯಾಮ್ಲ ಬೆರೆಸಿ ನೋಡಿದರು ಎಂದಲ್ಲ. ಒಡೆದದ್ದನ್ನು ಲೆಕ್ಕದಿಂದ ತೆಗೆಸಲು ನಡೆಸಬೇಕಾದ ಪತ್ರವ್ಯವಹಾರ ನೆನೆದರೆ, ಒಡೆಯದ ಹಾಗೆ ಬೀಗ ಹಾಕಿಡುವುದೇ ಜಾಣತನ ಎಂದು ಯಾರಿಗಾದರೂ ಅನ್ನಿಸುತ್ತದೆ. ಐವತ್ತು ರೂಪಾಯಿಯ ಗಾಜು ಕಾಪಾಡಲು ಒಂದು ಇಡೀ ತಲೆಮಾರಿನ ಕೈಕೆಲಸವನ್ನು ಬಲಿ ಕೊಟ್ಟಿದ್ದೇವೆ. ಮಕ್ಕಳು ಮುಟ್ಟಿದ ಮೇಲೆ ಗಾಜು ಒಡೆಯುತ್ತದೆ, ಆಮ್ಲ ಖರ್ಚಾಗುತ್ತದೆ, ಲಿಟ್ಮಸ್ ಕಾಗದ ಮುಗಿಯುತ್ತದೆ. ವರ್ಷದ ಕೊನೆಗೆ ದಾಸ್ತಾನು ಹಾಗೇ ಪೂರ್ತಿ ಉಳಿದಿರುವ ಪ್ರಯೋಗಾಲಯದ ಮೇಲೇ ಆಡಿಟ್ ಆಕ್ಷೇಪಣೆ ಬರಬೇಕಿತ್ತು.

ದುಡ್ಡಿನ ಮಾತಿಗೂ ಇದರೊಂದಿಗೆ ನಂಟಿದೆ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಬರುತ್ತದೆ. ಮೂವತ್ತು ದಾಟಿ ನೂರರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, ಇನ್ನೂರೈವತ್ತರವರೆಗೆ 50,000. ಇದರಲ್ಲಿ ಹತ್ತನೆಯ ಒಂದು ಭಾಗ ಸ್ವಚ್ಛತೆಗೇ ಹೋಗಬೇಕು. ಸುಣ್ಣಬಣ್ಣ, ದಾಖಲೆ ಪುಸ್ತಕ, ಸಣ್ಣಪುಟ್ಟ ರಿಪೇರಿ ಕಳೆದ ಮೇಲೆ ಉಳಿದದ್ದರಲ್ಲಿ ತುಮಕೂರಿಗೋ ಬೆಂಗಳೂರಿಗೋ ಹೋಗಿ ರಾಸಾಯನಿಕ ತರಬೇಕು. ಮೊತ್ತ ಸಾಲದು ಎನ್ನುವ ಮುಖ್ಯ ಶಿಕ್ಷಕರ ಮಾತು ಸರಿ. ಆದರೆ ಹೈಸ್ಕೂಲಿನ ರಸಾಯನಶಾಸ್ತ್ರಕ್ಕೆ ಬೇಕಾದ ಅರ್ಧ ಸಾಮಾನು ಕಿರಾಣಿ ಅಂಗಡಿಯದು: ಅರಿಸಿನ, ಸುಣ್ಣ, ಅಡುಗೆ ಸೋಡಾ, ನಿಂಬೆಹಣ್ಣು, ಹುಣಸೆಹಣ್ಣು. ಒಂಬತ್ತನೇ ತರಗತಿಯ ಅಭಿಸರಣದ ಪ್ರಯೋಗಕ್ಕೆ ಒಣದ್ರಾಕ್ಷಿ ಮತ್ತು ನೀರು ಸಾಕು. ಅದೇ ಮಕ್ಕಳು ಬೆಳಗ್ಗೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಊರಿನ ಶುದ್ಧ ನೀರಿನ ಘಟಕ ಆ ಅಭಿಸರಣವನ್ನೇ ತಿರುಗುಮುರುಗು ಮಾಡಿ ನಡೆಯುತ್ತಿದೆ ಎಂದು ತರಗತಿಯಲ್ಲಿ ಹೇಳಿದರೆ ಪಾಠ ನೆಟ್ಟಗೆ ಊರಿನೊಳಕ್ಕೇ ಹೋಗುತ್ತದೆ.

ಇನ್ನು ಪರೀಕ್ಷೆ. ಮುಖ್ಯ ಶಿಕ್ಷಕರು ಅತಿ ಹೆಚ್ಚು ಹೆದರುವುದು ಇದಕ್ಕೆ, ಅತಿ ಕಡಿಮೆ ಬಾಯಿಬಿಡುವುದೂ ಇದರ ಬಗ್ಗೆಯೇ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇಲ್ಲ. ಪಕ್ಕದ ತಮಿಳುನಾಡಿನಲ್ಲಿ ಹತ್ತನೇ ತರಗತಿಯ ವಿಜ್ಞಾನಕ್ಕೆ 25 ಅಂಕದ ಪ್ರಾಯೋಗಿಕ ಪರೀಕ್ಷೆ ಇದೆ. ಅದೂ ಕೆಲವು ಕಡೆ ಶಾಸ್ತ್ರಕ್ಕೆ ನಡೆಯಬಹುದು, ಆದರೂ ಮಗು ಒಮ್ಮೆಯಾದರೂ ಪ್ರನಾಳ ಹಿಡಿದಿರುತ್ತದೆ. ನಮ್ಮ 20 ಅಂಕಗಳು ಚಟುವಟಿಕೆ, ಪ್ರಾಜೆಕ್ಟ್ ಎಂದು ಕಾಗದದ ಮೇಲಿವೆ. ಅವು ಹೇಗೆ ತುಂಬುತ್ತವೆ ಎಂಬುದು ಎಲ್ಲ ಸ್ಟಾಫ್ ರೂಮಿಗೂ ಗೊತ್ತಿರುವ ಗುಟ್ಟು.

ಡಿಸೆಂಬರ್ ಬಂತೆಂದರೆ ಶಾಲೆಯ ಬಣ್ಣ ಬದಲಾಗುತ್ತದೆ. ಪಾಸಿಂಗ್ ಪ್ಯಾಕೇಜ್ ಬರುತ್ತದೆ. ಯಾವ ಚಿತ್ರ ಬರೆದರೆ ಎಷ್ಟು ಅಂಕ, ಯಾವ ಅಧ್ಯಾಯ ಬಿಟ್ಟರೂ ದಡ ಸೇರಬಹುದು ಎಂಬ ಲೆಕ್ಕ ಶುರುವಾಗುತ್ತದೆ. ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ದತ್ತು ಹಂಚಲಾಗುತ್ತದೆ. ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಶಿಕ್ಷಕರಿದ್ದಾರೆ, ಅವರ ಶ್ರದ್ಧೆಯನ್ನು ಗೇಲಿ ಮಾಡುವುದು ತಪ್ಪು. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಎಸ್ಸೆಸ್ಸೆಲ್ಸಿ ಪಾಸಾಗುವುದೆಂದರೆ ಬಾಳಿನ ಒಂದು ಗಡಿ ದಾಟಿದ ಹಾಗೆ. ಆದರೆ ಹತ್ತು ಚಿತ್ರಗಳನ್ನು ಬಾಯಿಪಾಠದಂತೆ ಕೈಪಾಠ ಮಾಡಿಸುವುದಕ್ಕೆ ವಿಜ್ಞಾನ ಎಂದು ಹೆಸರಿಡುವ ಹಾಗಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ನಡೆದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಇಮ್ಮಡಿ ಮಾಡಿದ ಮೇಲೆ. ಹಿಂದಿನ ವರ್ಷಗಳ ಸ್ಥಾನಮಾನಗಳ ಪಟ್ಟಿಯನ್ನು ಎಷ್ಟು ನೆಚ್ಚಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಖ್ಯ ಶಿಕ್ಷಕರನ್ನು ಅಳೆಯುವ ಮೊಳವೂ ಇದೇ ಫಲಿತಾಂಶ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೊದಲ ಪ್ರಶ್ನೆ ಶೇಕಡಾವಾರು. ಕಡಿಮೆಯಾದವರಿಗೆ ನೋಟಿಸ್. ಒಳ್ಳೆಯ ಪ್ರಯೋಗಾಲಯ ನಡೆಸಿದ್ದಕ್ಕೆ ಯಾರೂ ಬೆನ್ನು ತಟ್ಟಿಸಿಕೊಂಡಿಲ್ಲ, ನಡೆಸದೆ ಇದ್ದದ್ದಕ್ಕೆ ಯಾರಿಗೂ ನೋಟಿಸ್ ಬಂದಿಲ್ಲ. ಕೇಳದೇ ಇರುವುದನ್ನು ಯಾರಾದರೂ ಯಾಕೆ ಮಾಡುತ್ತಾರೆ?

ಹೊತ್ತಿನ ಅಭಾವದ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಿಸಿಯೂಟ, ಹಾಲು, ಮೊಟ್ಟೆ, ಸ್ಯಾಟ್ಸ್, ಯು-ಡೈಸ್‌ಗಳ ಆನ್‌ಲೈನ್ ದಾಖಲೆ, ವಿದ್ಯಾರ್ಥಿವೇತನ, ಎಸ್‌ಡಿಎಂಸಿ ಸಭೆ ಎಲ್ಲಕ್ಕೂ ಸಹಿ ಒಂದೇ. ಗುಮಾಸ್ತರಿಲ್ಲದ ಶಾಲೆಯಲ್ಲಿ ಮುಖ್ಯ ಶಿಕ್ಷಕರೇ ಗುಮಾಸ್ತರು. ಇದರ ಮೇಲೆ ಅನ್ಯ ಕಾರ್ಯ ನಿಮಿತ್ತ, ಅಂದರೆ ಓಓಡಿ. ತರಬೇತಿ, ಮೌಲ್ಯಮಾಪನ, ಚುನಾವಣೆ, ಗಣತಿ ಎಂದು ಇರುವ ಒಬ್ಬ ವಿಜ್ಞಾನ ಶಿಕ್ಷಕರೂ ಓಓಡಿ ಮೇಲೆ ಹೊರಟರೆ ತರಗತಿಗೆ ಯಾರೋ ಹೋಗಿ ಗಲಾಟೆಯಾಗದ ಹಾಗೆ ನೋಡಿಕೊಳ್ಳುತ್ತಾರೆ.

ತರಬೇತಿಯ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳು ನಿಜಕ್ಕೂ ಅದೃಷ್ಟವಂತವು. ಶಿರಾ, ಪಾವಗಡಗಳ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಹೈಸ್ಕೂಲು ಮತ್ತು ಪಿಯು ವಿಜ್ಞಾನ ಶಿಕ್ಷಕರಿಗೆ ಅಲ್ಲಿ ಉಳಿಸಿಕೊಂಡು, ಕೈಯಿಂದ ಪ್ರಯೋಗ ಮಾಡಿಸಿಯೇ ಕಲಿಸುವ ತರಬೇತಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆ. ಮೈಸೂರಿನಲ್ಲಿ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಮಧುಗಿರಿಯ ಪೂರ್ವಕ್ಕೆ ಗೌರಿಬಿದನೂರಿನಲ್ಲಿ ಭೂಕಂಪ ಅಳೆಯುವ ಕೇಂದ್ರವೂ ಆಕಾಶದ ರೇಡಿಯೋ ಅಲೆ ಹಿಡಿಯುವ ದೂರದರ್ಶಕವೂ ಇವೆ. ಅದೇ ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದ ಇದೆ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹಳ್ಳಿಯ ಮಕ್ಕಳನ್ನೂ ಕರೆತಂದದ್ದು ಅದರ ಹೆಗ್ಗಳಿಕೆ. ಹೀಗೆ ಸುತ್ತ ದೀಪಗಳಿದ್ದೂ ಬೆಳಕು ಯಾಕೆ ಒಳಗೆ ಬೀಳುತ್ತಿಲ್ಲ?

ತರಬೇತಿಗೆ ಹೋಗುವುದು ಶಿಕ್ಷಕರು, ಮುಖ್ಯ ಶಿಕ್ಷಕರಲ್ಲ ಎಂಬುದು ಒಂದು ಕಾರಣ. ಕುದಾಪುರದಲ್ಲಿ ಹತ್ತು ದಿನ ಉತ್ಸಾಹದಿಂದ ಕಲಿತು ಬಂದ ಶಿಕ್ಷಕಿಗೆ ಶಾಲೆಗೆ ಬಂದ ಮೇಲೆ ಎದುರಾಗುವುದು ಅದೇ ನಲವತ್ತು ನಲವತ್ತೈದು ನಿಮಿಷದ ಅವಧಿ, ಅದೇ ಬೀಗ. ಮಕ್ಕಳನ್ನು ಗುಂಪು ಮಾಡಿ, ಸಾಮಾನು ಹಂಚಿ, ಮಾಡಿಸಿ, ತೊಳೆದು ಇಡುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮುಂದಿನ ಅವಧಿಯ ಹಿಂದಿ ಮೇಷ್ಟ್ರು ಬಾಗಿಲಲ್ಲಿ ನಿಂತಿರುತ್ತಾರೆ. ವಾರಕ್ಕೊಮ್ಮೆ ಎರಡು ಅವಧಿ ಸೇರಿಸಿ ಕೊಟ್ಟರೆ ಈ ತೊಂದರೆ ತೀರುತ್ತದೆ. ವೇಳಾಪಟ್ಟಿ ಹಾಕುವವರು ಯಾರು? ಮುಖ್ಯ ಶಿಕ್ಷಕರು. ಅದಕ್ಕೆ ಬೆಂಗಳೂರಿನ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ. ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯಂಥ (ನೀಪಾ) ಸಂಸ್ಥೆಗಳು ಶಾಲಾ ನಾಯಕತ್ವದ ಬಗ್ಗೆ ದಪ್ಪ ಕೈಪಿಡಿಗಳನ್ನು ಹೊರತಂದಿವೆ. ಅವುಗಳಲ್ಲಿ ದರ್ಶನ, ಧ್ಯೇಯ, ತಂಡ ಕಟ್ಟುವುದು ಎಲ್ಲ ಇದೆ. ವಿಜ್ಞಾನದ ಮಟ್ಟಿಗೆ ನಾಯಕತ್ವ ಎಂದರೆ ಜೂನ್ ತಿಂಗಳಲ್ಲಿ ವೇಳಾಪಟ್ಟಿ ಹಾಕುವಾಗ ಮಾಡುವ ಆ ಒಂದು ತೀರ್ಮಾನ ಎಂದು ನನಗೆ ಅನ್ನಿಸುತ್ತದೆ.

‘ನಾನು ಕನ್ನಡ ಪಂಡಿತ, ವಿಜ್ಞಾನದ ಪಾಠ ನೋಡಿ ಏನು ಹೇಳಲಿ’ ಎಂಬ ಸಂಕೋಚ ಹಲವು ಮುಖ್ಯ ಶಿಕ್ಷಕರಿಗೆ ಇದೆ. ಜ್ಯೇಷ್ಠತೆಯ ಮೇಲೆ ಬಡ್ತಿ ಬರುವುದರಿಂದ ಭಾಷೆ, ಸಮಾಜ ವಿಜ್ಞಾನ ಓದಿದವರೂ ಆ ಕುರ್ಚಿಗೆ ಬರುತ್ತಾರೆ. ಪ್ರಭಾರದಲ್ಲಿರುವವರು ಇನ್ನೂ ಹಿಂಜರಿಯುತ್ತಾರೆ. ಹಾಗಾಗಿ ಪಾಠಯೋಜನೆಗೆ ಸಹಿ ಹಾಕಿ ಸುಮ್ಮನಾಗುವುದು ರೂಢಿ. ನನಗೆ ಇದು ಕೊರತೆಗಿಂತ ಅನುಕೂಲವಾಗಿಯೇ ಕಾಣುತ್ತದೆ. ವಿಜ್ಞಾನ ಓದದ ಮುಖ್ಯ ಶಿಕ್ಷಕರು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ತಮಗೆ ಅರ್ಥವಾಗದ್ದನ್ನು ಮಕ್ಕಳ ಎದುರೇ ಕೇಳಿದರೆ, ಮೂವತ್ತು ಮಕ್ಕಳಿಗೆ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ. ಅದನ್ನು ಯಾವ ಸ್ಮಾರ್ಟ್ ಬೋರ್ಡೂ ಕೊಡಲಾರದು.

ಖಾಸಗಿ ಶಾಲೆಗಳ ಮುಖ್ಯಸ್ಥರದು ಬೇರೆ ವರಸೆ. ಅಲ್ಲಿ ಸುಧಾರಣೆ ಎಂದರೆ ಡಿಜಿಟಲ್ ತರಗತಿ, ಎಂಟನೇ ತರಗತಿಯಿಂದಲೇ ನೀಟ್ ಫೌಂಡೇಶನ್. ಪೋಷಕರು ಕೇಳುತ್ತಾರೆ, ಅವರು ಕೊಡುತ್ತಾರೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಹೇಳಬೇಕಾದದ್ದು ಶಾಲೆಯ ಕಾಂಪೌಂಡಿನ ಆಚೆ ಇರುವುದರ ಬಗ್ಗೆ. ಪ್ರಯೋಗಾಲಯ ಇಲ್ಲ ಎಂದು ಕೊರಗುವ ಮಧುಗಿರಿಯ ಶಾಲೆಯ ಕಿಟಕಿಯಿಂದ ಕಾಣುವುದು 3,930 ಅಡಿ ಎತ್ತರದ ಏಕಶಿಲಾ ಬೆಟ್ಟ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಶಿಲೆಯ ಪಟ್ಟಿ ಮಾಗಡಿ, ಮಧುಗಿರಿ, ಪಾವಗಡಗಳನ್ನು ಹಾದು ಉತ್ತರಕ್ಕೆ ಸಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಕೋಟೆ ಹತ್ತಿಸಿ ಗಂಗರು, ವಿಜಯನಗರ, ಹೈದರಾಲಿ ಎಂದು ಇತಿಹಾಸ ಹೇಳುವ ಪ್ರವಾಸದಲ್ಲಿ ಕಾಲ ಕೆಳಗಿನ ಬಂಡೆಯ ಬಗ್ಗೆ ಒಂದು ಮಾತಿಲ್ಲ. ಇದೇ ಬಗೆಯ ಬಂಡೆಯಲ್ಲಿರುವ ಖನಿಜಗಳಿಂದ ಕೊಳವೆಬಾವಿಯ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕ. ಪಾವಗಡ ತಾಲ್ಲೂಕು ಇದನ್ನು ದಶಕಗಳಿಂದ ಹಲ್ಲಿನ ಮೇಲೆ, ಮೂಳೆಯ ಒಳಗೆ ಅನುಭವಿಸಿದೆ. ನೀರು ಪರೀಕ್ಷಿಸುವ ಸಣ್ಣ ಕಿಟ್ ಹಿಡಿದು ಊರಿನ ಹತ್ತು ಕೊಳವೆಬಾವಿಗಳ ನೀರು ನೋಡಿ, ಪಟ್ಟಿ ಬರೆದು ಪಂಚಾಯಿತಿಗೆ ಕೊಡುವ ಹತ್ತನೇ ತರಗತಿಯ ಮಕ್ಕಳಿಗೆ ರಸಾಯನಶಾಸ್ತ್ರ ಯಾಕೆ ಓದಬೇಕು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ.

ಅದೇ ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ, ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಹರಡಿದೆ. ಭೂಮಿ ರೈತರದೇ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಎಕರೆಗೆ ಎಷ್ಟು ಕಿಲೋವಾಟ್ ಎಂದು ಭಾಗಿಸಿದರೆ 158ರ ಹತ್ತಿರ ಬರುತ್ತದೆ. ಫಲಕದ ಮೇಲೆ ಧೂಳು ಕೂತರೆ ಎಷ್ಟು ಕಡಿಮೆ? ಮೋಡ ಬಂದರೆ? ಕಡಲೆಕಾಯಿ ಬೆಳೆದಿದ್ದರೆ ಅದೇ ಎಕರೆ ಎಷ್ಟು ಕೊಡುತ್ತಿತ್ತು? ಭೌತವಿಜ್ಞಾನ, ಗಣಿತ, ಅರ್ಥಶಾಸ್ತ್ರ ಮೂರೂ ಒಂದೇ ಹೊಲದಲ್ಲಿವೆ. ಎನ್‌ಸಿಇಆರ್‌ಟಿಯವರು 2023ರಲ್ಲಿ ಹತ್ತನೇ ತರಗತಿಯ ಪುಸ್ತಕದಿಂದ ಶಕ್ತಿಯ ಆಕರಗಳ ಅಧ್ಯಾಯವನ್ನೇ ತೆಗೆದುಹಾಕಿದರು. ಪಾವಗಡದ ಮಕ್ಕಳಿಗೆ ಅದು ಪುಸ್ತಕದಲ್ಲಿ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಬಾಗಿಲು ತೆರೆದರೆ ಎದುರಿಗಿದೆ.

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ. 1999ರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು ಹೊರಜಗತ್ತಿಗೆ ತೋರಿಸುವ ಮೊದಲೇ ಊರಿನವರು ಅವನ್ನು ಕಾಪಾಡಿಕೊಂಡು ಬಂದಿದ್ದರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ, 2007ರಿಂದ ಅದು ಜಯಮಂಗಲಿ ಸಂರಕ್ಷಿತ ಪ್ರದೇಶ. ಬುಕ್ಕಾಪಟ್ಟಣದ ಕಾಡಿನಲ್ಲಿ ಚಿಂಕಾರ, ಕೊರಟಗೆರೆಯ ಸಿದ್ದರಬೆಟ್ಟದಲ್ಲಿ ಔಷಧಿ ಗಿಡಗಳು. ಇಷ್ಟೂ ಬೇಡ ಎಂದರೆ ಮಳೆಗಾಲದಲ್ಲಿ ಒಂದು ಕಡಲೆಕಾಯಿ ಗಿಡ ಕಿತ್ತು ತಂದರೆ ಸಾಕು. ಹೂವು ಮೇಲೆ, ಕಾಯಿ ನೆಲದೊಳಗೆ ಯಾಕೆ? ಬೇರಿನ ಮೇಲಿನ ಗಂಟುಗಳು ರೋಗವೋ ಗೊಬ್ಬರದ ಕಾರ್ಖಾನೆಯೋ? ಆ ಗಂಟನ್ನು ಉಗುರಲ್ಲಿ ಒಡೆದು ಒಳಗಿನ ಕೆಂಪು ಬಣ್ಣ ನೋಡಿದ ಮಗುವಿಗೆ ಸಾರಜನಕ ಸ್ಥಿರೀಕರಣ ಮರೆಯುವುದಿಲ್ಲ.

ಹೊರಗೆ ಕರೆದೊಯ್ಯಲು ಮುಖ್ಯ ಶಿಕ್ಷಕರು ಹಿಂಜರಿಯುವುದಕ್ಕೆ ಕಾರಣವಿದೆ. ಬಂಡೆ ಹತ್ತುವಾಗ ಒಂದು ಮಗು ಜಾರಿದರೂ ಹೊಣೆ ಅವರ ತಲೆಗೆ. ಅನುಮತಿ ಪತ್ರ, ಪೋಷಕರ ಒಪ್ಪಿಗೆ, ವಾಹನ ಎಲ್ಲ ಹೊಂದಿಸುವಷ್ಟರಲ್ಲಿ ಸಾಕಾಗುತ್ತದೆ. ಆದರೆ ಹೊಲಕ್ಕೂ ಊರಬಾವಿಗೂ ಬಸ್ಸು ಬೇಕಿಲ್ಲ.

ಪಾವಗಡದ ಮುಖ್ಯ ಶಿಕ್ಷಕರು ಹೇಳುವ ಇನ್ನೊಂದು ಕಷ್ಟ ಉಳಿದ ಮೂರು ತಾಲ್ಲೂಕಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ವಿಜ್ಞಾನದ ಪಾಠದಲ್ಲಿ ಸಂಸ್ಕೃತದ ಉದ್ದುದ್ದ ಪದಗಳು, ಪಿಯುಗೆ ಹೋದ ದಿನ ಪೂರ್ತಿ ಇಂಗ್ಲಿಷ್. ಮಗು ಹೀಗೆ ಮೂರು ಹೊಳೆ ದಾಟಬೇಕು. ವಸ್ತು ಕಣ್ಣೆದುರು ಇದ್ದರೆ ಭಾಷೆಯ ತೊಡಕು ಅರ್ಧ ಇಳಿಯುತ್ತದೆ ಎಂಬುದು ಅಲ್ಲಿನ ಅನುಭವಸ್ಥ ಶಿಕ್ಷಕರಿಗೆ ಗೊತ್ತು. ಪ್ರಯೋಗ ಇರಬೇಕೆನ್ನಲು ಪಾವಗಡಕ್ಕೆ ಬೇರೆಯವರಿಗಿಂತ ಒಂದು ಕಾರಣ ಹೆಚ್ಚೇ ಇದೆ. ಹತ್ತನೇ ತರಗತಿ ದಾಟಿದ ಹೆಣ್ಣುಮಕ್ಕಳು ವಿಜ್ಞಾನ ಬಿಟ್ಟು ಕಲೆ, ವಾಣಿಜ್ಯಕ್ಕೆ ಸರಿಯುವುದೂ ಪ್ರಯೋಗವಿಲ್ಲದ ಪಾಠದ ಮುಂದುವರಿಕೆಯೇ. ಹತ್ತಿರದ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇಲ್ಲದಿರುವುದು ಒಂದು ಕಾರಣವಾದರೆ, ಹೈಸ್ಕೂಲಿನಲ್ಲಿ ಅದು ಭಯವಾಗಿಯೇ ಉಳಿದದ್ದು ಇನ್ನೊಂದು.

ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗದಿಂದಲೇ ವಿಜ್ಞಾನ ಕಲಿಸುವುದು ಆಗದ ಮಾತು ಎನ್ನುವವರು ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಕಡೆ ನೋಡಬೇಕು. 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ಅಲ್ಲಿನ ವಿಜ್ಞಾನ ಬೋಧನಾ ಕಾರ್ಯಕ್ರಮ ಮೂವತ್ತು ವರ್ಷ ನಡೆದು ನೂರಾರು ಶಾಲೆಗಳಿಗೆ ಹರಡಿತು. ಮಕ್ಕಳ ಕೈಗೆ ಅಗ್ಗದ ಕಿಟ್, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ, ತಿಂಗಳಿಗೊಮ್ಮೆ ಶಿಕ್ಷಕರು ಒಂದೆಡೆ ಕೂತು ತಮ್ಮ ತರಗತಿಯ ತೊಡಕು ಹೇಳಿಕೊಳ್ಳುವ ಸಭೆ. ಒಡೆದ ಸಾಮಾನನ್ನು ತುಂಬಿಕೊಡುವ ವ್ಯವಸ್ಥೆಯೂ ಇತ್ತು. 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ನಡೆಯುತ್ತಿದ್ದಷ್ಟು ಕಾಲ ನಡೆದದ್ದು ಪರೀಕ್ಷೆಯೂ ಪಾಠದ ಜೊತೆಗೇ ಬದಲಾದದ್ದರಿಂದ ಎಂಬುದನ್ನು ನಮ್ಮವರು ಗಮನಿಸಬೇಕು. ನಮ್ಮಲ್ಲೂ 2023ರ ಆರಂಭದಲ್ಲಿ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬಗಳು ನಡೆದವು. ಮಕ್ಕಳು ಕುಣಿದರು, ಕಾಗದ ಮಡಚಿದರು, ಊರು ನಡೆದು ನೋಡಿದರು. ಹಬ್ಬ ಮುಗಿದ ಮಾರನೆಯ ದಿನ ಪರೀಕ್ಷೆಯ ಸಿದ್ಧತೆ ಎಂದಿನಂತೆ ಶುರುವಾಯಿತು.

ನಾಲ್ಕು ತಾಲ್ಲೂಕುಗಳ ಮುಖ್ಯ ಶಿಕ್ಷಕರ ದೂರುಗಳಲ್ಲಿ ಹುದ್ದೆ, ದುಡ್ಡು, ಕೆಲಸದ ಹೊರೆ ಈ ಮೂರು ಸರ್ಕಾರದ ಬಾಗಿಲಿಗೆ ಸೇರಿದವು, ಅವು ಬಗೆಹರಿಯುವವರೆಗೆ ಕೂಗಲೇಬೇಕು. ಗಾಜು ಒಡೆಯುವುದನ್ನು ಖರ್ಚಿನ ಬಾಬ್ತಾಗಿ ಒಪ್ಪಿಕೊಂಡು, ವರ್ಷಕ್ಕೆ ಇಂತಿಷ್ಟು ರೂಪಾಯಿಯವರೆಗೆ ಮುಖ್ಯ ಶಿಕ್ಷಕರ ಸಹಿಯಲ್ಲೇ ಲೆಕ್ಕದಿಂದ ತೆಗೆಯಬಹುದು ಎಂದು ಒಂದು ಸುತ್ತೋಲೆ ಹೊರಡಿಸಲು ಇಲಾಖೆಗೆ ದುಡ್ಡೇನೂ ಬೇಕಾಗಿಲ್ಲ. ಪರಿಶೀಲನಾ ಸಭೆಯಲ್ಲಿ ಶೇಕಡಾವಾರು ಕೇಳುವ ಮೊದಲು ಈ ತಿಂಗಳು ಮಕ್ಕಳು ಏನು ಮಾಡಿ ನೋಡಿದರು ಎಂದು ಕೇಳುವುದು ಉಪನಿರ್ದೇಶಕರ ನಾಲಿಗೆಯ ಮೇಲಿದೆ. ಜೋಡಿ ಅವಧಿ, ತೆರೆದ ಬೀರು, ಹಿಂದಿನ ಬೆಂಚು ಇವು ಮುಖ್ಯ ಶಿಕ್ಷಕರವೇ.

ಮುಂದಿನ ಆಗಸ್ಟಿನಲ್ಲಿ ಶುರು ಮಾಡಬಹುದಾದ ಒಂದು ಕೆಲಸವನ್ನು ಅವರ ಮುಂದಿಡುತ್ತೇನೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆರಡು ದಿನ ನಡುನೆತ್ತಿಗೆ ಬರುತ್ತಾನೆ. ಆ ನಡುಹಗಲಿನಲ್ಲಿ ನೆಟ್ಟಗಿನ ಕಂಬಕ್ಕೆ ನೆರಳಿರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಬರುವ ಶೂನ್ಯ ನೆರಳಿನ ದಿನ ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಎರಡನೆಯದು ಪಾವಗಡಕ್ಕೆ ಬರುವುದು ಆಗಸ್ಟ್ 15ರ ಆಸುಪಾಸಿನಲ್ಲಿ. ಮಧುಗಿರಿ, ಶಿರಾಗಳಿಗೆ ಅದರ ಮರುದಿನ, ಕೊರಟಗೆರೆಗೆ ಇನ್ನೊಂದು ದಿನ ಬಿಟ್ಟು. ಸ್ವಾತಂತ್ರ್ಯೋತ್ಸವದ ಧ್ವಜಸ್ತಂಭವೇ ಉಪಕರಣ. ಪಾವಗಡದಲ್ಲಿ ನೆರಳು ಮಾಯವಾದ ಹೊತ್ತಿಗೆ, ಅಲ್ಲಿಂದ ನೇರ ದಕ್ಷಿಣಕ್ಕೆ ಲೆಕ್ಕ ಹಾಕಿದರೆ ಸುಮಾರು 64 ಕಿಲೋಮೀಟರ್ ಕೆಳಗಿರುವ ಕೊರಟಗೆರೆಯಲ್ಲಿ ಐದು ಮೀಟರ್ ಕಂಬಕ್ಕೆ ಐದು ಸೆಂಟಿಮೀಟರಿನಷ್ಟು ನೆರಳಿರುತ್ತದೆ. ಈ ಎರಡು ಅಳತೆಯಿಂದ ಭೂಮಿಯ ಸುತ್ತಳತೆ ತೆಗೆಯಬಹುದು. ಎರಾಟೊಸ್ತನೀಸ್ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಮೋಡ ಅಡ್ಡ ಬರಬಹುದು. ನೆರಳಿನ ಅಂಚು ಮಸುಕಾಗಿ ಉತ್ತರ ಒರಟಾಗಿ ಬರಬಹುದು. ಯಾಕೆ ಒರಟಾಯಿತು ಎಂಬುದೇ ಮರುದಿನದ ಪಾಠ. ಮಧುಗಿರಿಯ ಡಯಟ್‌ನವರು ನಾಲ್ಕೂ ತಾಲ್ಲೂಕಿನ ಅಳತೆಗಳನ್ನು ತರಿಸಿಕೊಂಡು ಎಲ್ಲ ಶಾಲೆಗಳಿಗೂ ಹಂಚಲಿ. ಮುಖ್ಯ ಶಿಕ್ಷಕರು ಮಾಡಬೇಕಾದದ್ದು ಇಷ್ಟೆ: ಸಿಹಿ ಹಂಚಿದ ಮೇಲೆ ಮಕ್ಕಳನ್ನು ಮನೆಗೆ ಕಳಿಸದೆ ಮಧ್ಯಾಹ್ನ 12 ಗಂಟೆ 25 ನಿಮಿಷದವರೆಗೆ ಉಳಿಸಿಕೊಳ್ಳಿ, ಒಂದು ಟೇಪು ಕೊಡಿ, ಅಳೆಯುವ ಕೆಲಸ ಅವರಿಗೇ ಬಿಡಿ.